ಘಟ್ಟದ ಮೇಲೆ ಶಿರಸಿ, ಘಟ್ಟದ ಕೆಳಗೆ ಕುಮಟಾ: ಹೊರದೇಶದಿಂದ ಬಂದವರ ವಾಸಕ್ಕೆ ಯಾವುದು ವಾಸಿ?

ಹೊರದೇಶದಲ್ಲಿ ದುಡಿದು, ಅಲ್ಲಿನ ಪೌರತ್ವವನ್ನೂ ಪಡೆದು, ಇನ್ನು ಮುಂದೆ ಕಡಿಮೆ ಖರ್ಚಿನ ಕೃಷಿಕರ ಊರೊಂದರಲ್ಲಿ ಇರೋಣವೆಂದು ಉತ್ತರ ಕನ್ನಡಕ್ಕೆ ಬರುವವರು ಮೊದಲು ತೀರ್ಮಾನಿಸಬೇಕಾದದ್ದು ಘಟ್ಟದ ಮೇಲೋ ಕೆಳಗೋ ಎಂಬುದನ್ನು. ನಾನೂ ನನ್ನ ಪತ್ನಿಯೂ ಮೊದಲು ಶಿರಸಿಯಲ್ಲಿ, ಅನಂತರ ಕುಮಟಾದಲ್ಲಿ ಬಾಡಿಗೆ ಮನೆ ಹಿಡಿದು, ಎರಡೂ ಕಡೆ ಎಲ್ಲ ಕಾಲಗಳನ್ನೂ ಕಳೆದಿದ್ದೇವೆ. ಎರಡು ಊರುಗಳ ನಡುವೆ ಇರುವುದು ಸುಮಾರು 60 ಕಿ.ಮೀ. ಬಾಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನಮಗೆ ಕಾಣಲಿಲ್ಲ. ಸಮುದ್ರ ಕಾಣುವ ಮನೆಯೇ ಬೇಕೆಂದು ಗೋಕರ್ಣದತ್ತ ಹೊರಟರೆ ಮಾತ್ರ ಪ್ರವಾಸಿಗರ ದರ ತೆರಬೇಕಾಗುತ್ತದೆ. ಆದ್ದರಿಂದ ಖರ್ಚನ್ನು ನೋಡಿ ಊರನ್ನು ಆರಿಸುವುದರಲ್ಲಿ ಅರ್ಥವಿಲ್ಲ. ಮಳೆಗಾಲ ಹೇಗಿರುತ್ತದೆ, ತುರ್ತಿನಲ್ಲಿ ಊರು ಬಿಟ್ಟು ಹೋಗಲು ದಾರಿ ಯಾವುದು ಎಂಬ ಎರಡನ್ನೇ ಮುಖ್ಯವಾಗಿ ನೋಡಬೇಕು.

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ ಏಪ್ರಿಲ್ ತಿಂಗಳಲ್ಲೂ ರಾತ್ರಿ ಫ್ಯಾನ್ ಹಾಕಿಕೊಂಡು ಮಲಗಬಹುದು. ಕುಮಟಾದಲ್ಲಿ ಅದೇ ತಿಂಗಳು ಎ.ಸಿ. ಇಲ್ಲದೆ ನಿದ್ರೆ ಬಾರದು, ಕರೆಂಟ್ ಬಿಲ್ಲು ಅದಕ್ಕೆ ತಕ್ಕಂತೆ ಬರುತ್ತದೆ. ಮಳೆ ಬೀಳುವುದು ಕರಾವಳಿಯಲ್ಲೇ ಹೆಚ್ಚಾದರೂ ಅಲ್ಲಿ ನಡುನಡುವೆ ಹೊಳವಾಗಿ ಬಿಸಿಲು ಬರುತ್ತದೆ. ಶಿರಸಿಯ ಜುಲೈನಲ್ಲಿ ನಮಗೆ ಅಂಥ ಭಾಗ್ಯ ಸಿಕ್ಕಿದ್ದು ಕಡಿಮೆ. ಕಪಾಟಿನಲ್ಲಿದ್ದ ಚರ್ಮದ ಬೆಲ್ಟಿಗೂ ಪಾಸ್‌ಪೋರ್ಟಿನ ಹೊದಿಕೆಗೂ ಬೂಷ್ಟು ಹಿಡಿಯಿತು. ಬಟ್ಟೆ ಒಣಗಿಸುವುದು ಬಚ್ಚಲ ಒಲೆಯ ಮೇಲಿನ ತಂತಿಯ ಮೇಲೇ ಆಯಿತು. ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಬರುವವರೆಗೆ ಇನ್ವರ್ಟರನ್ನೇ ನೆಚ್ಚಿಕೊಳ್ಳಬೇಕಾಯಿತು. ಕುಮಟಾದಲ್ಲಿ ಬೂಷ್ಟಿನ ಕಾಟ ಇಷ್ಟಿರಲಿಲ್ಲ, ಆದರೆ ಉಪ್ಪುಗಾಳಿಗೆ ಬಾಗಿಲ ಚಿಲಕ, ಗ್ಯಾಸ್ ಒಲೆಯ ಸ್ಟ್ಯಾಂಡು, ಸೈಕಲ್ಲು, ಎಲ್ಲವೂ ತುಕ್ಕು ಹಿಡಿದವು.

ಶಿರಸಿ ಪೇಟೆಯನ್ನು ನಡೆಸುವುದು ಅಡಕೆ. 1923ರಲ್ಲಿ ಆರಂಭವಾದ, ಅಡಕೆ ಬೆಳೆಗಾರರ ಸಹಕಾರ ಸಂಘವಾದ ತೋಟಗಾರ್ಸ್ ಸೊಸೈಟಿಯಿಂದ ಹಿಡಿದು ಕಿರಾಣಿ ಅಂಗಡಿಯವರೆಗೆ ಎಲ್ಲರ ಮಾತೂ ಒಣಗಿಸಿ ಸುಲಿದ ಚಾಲಿಯ, ಬೇಯಿಸಿ ಒಣಗಿಸಿದ ಕೆಂಪಡಕೆಯ ದರಕ್ಕೇ ಬಂದು ನಿಲ್ಲುತ್ತದೆ. ಹೊರಗಿನಿಂದ ಬಂದವರಿಗೆ ಇದರ ಬಿಸಿ ತಟ್ಟುವುದು ಅಡಕೆ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲದಲ್ಲಿ. ಮನೆಗೆಲಸಕ್ಕೆ ಬರುತ್ತಿದ್ದ ಮಹಿಳೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿದರೆ ನಮ್ಮ ಮನೆಯಲ್ಲಿ ಗಳಿಸುವುದಕ್ಕಿಂತ ಹೆಚ್ಚು ಗಳಿಸುತ್ತಿದ್ದರು. ಹಾಗಿರುವಾಗ ಬಂದೇ ಬರಬೇಕೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಕುಮಟಾದಲ್ಲಿ ಇಂಥ ಒಂದೇ ಬೆಳೆಯ ಹಿಡಿತವಿಲ್ಲ. ಮೀನು ಮನೆಬಾಗಿಲಿಗೆ ಬರುತ್ತದೆ. ಅಘನಾಶಿನಿ ನದಿಯ ಬಳಚು ಎಂಬ ಚಿಪ್ಪುಮೀನು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಅಕ್ಕಿ, ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿ, ಇವೆಲ್ಲ ಅಲ್ಲಿಯ ಸೊಗಸು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಒಣಮೀನೇ ಗತಿ. ಊಟದ ವಿಷಯದಲ್ಲಿ ನನ್ನ ಮತ ಕುಮಟಾಕ್ಕೆ. ಶಿರಸಿಯ ಮಾವಿನಕಾಯಿ ಸಾರಾದ ಅಪ್ಪೆಹುಳಿಗೆ ಮಾರುಹೋಗಿರುವ ಪತ್ನಿ ಇದನ್ನು ಒಪ್ಪುವುದಿಲ್ಲ.

ತೋಟ ಕೊಳ್ಳುವ ಆಸೆ ಇದ್ದವರಿಗೆ ಎರಡು ಊರೂ ಒಂದೇ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಬಳಿಕ ಕರ್ನಾಟಕದಲ್ಲಿ ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದೆಂದು ದಲ್ಲಾಳಿಗಳು ಹೇಳುತ್ತಾರೆ. ಅದು ಕೃಷಿಕರಲ್ಲದ ಭಾರತೀಯ ನಿವಾಸಿಗಳಿಗೆ ಸಂಬಂಧಿಸಿದ ಮಾತು. ನಮ್ಮಂತೆ ಓಸಿಐ ಕಾರ್ಡು (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡು) ಹೊಂದಿರುವವರು ವಾಸದ ಮನೆ ಕೊಳ್ಳಬಹುದೇ ಹೊರತು, ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಆ ಮಾತು ಬೇರೆ. ತಮ್ಮನ ಹೆಸರಲ್ಲಿ ಮಾಡಿಸಿ ಎಂಬ ಪುಕ್ಕಟೆ ಸಲಹೆ ಎರಡೂ ಕಡೆ ಸಿಕ್ಕಿತು. ಅದು ಬೇನಾಮಿ ವ್ಯವಹಾರವಾಗುತ್ತದೆ ಎಂಬುದನ್ನು ಸಲಹೆ ಕೊಟ್ಟವರು ಹೇಳಲಿಲ್ಲ.

ಇನ್ನು ದಾರಿ ಮತ್ತು ಆಸ್ಪತ್ರೆ. ಸಣ್ಣಪುಟ್ಟ ಕಾಯಿಲೆಗೆ ಎರಡೂ ಊರಿನಲ್ಲಿ ಒಳ್ಳೆಯ ವೈದ್ಯರಿದ್ದಾರೆ. ದೊಡ್ಡ ಚಿಕಿತ್ಸೆಗೆ ಜಿಲ್ಲೆ ದಾಟಲೇಬೇಕು. ಶಿರಸಿಗೆ ರೈಲಿಲ್ಲ. ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ ರಸ್ತೆಯಲ್ಲೇ ಹೋಗಬೇಕು; ಕೆಳಗಿಳಿಯಲು ಕುಮಟಾ ದಾರಿಯ ದೇವಿಮನೆ ಘಟ್ಟವನ್ನು ನಂಬಿದರೆ ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿಯುವ ಭಯವಿದೆ. ಕುಮಟಾಕ್ಕೆ ಕೊಂಕಣ ರೈಲ್ವೆಯೂ ಇದೆ, ರಾಷ್ಟ್ರೀಯ ಹೆದ್ದಾರಿ 66 ಕೂಡ ಇದೆ. ಹೆದ್ದಾರಿಯೂ ಪೂರ್ಣ ಸುರಕ್ಷಿತವಲ್ಲವೆಂಬುದು 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗೊತ್ತಾಯಿತು. ಹಾಗಿದ್ದರೂ ದಕ್ಷಿಣಕ್ಕೆ ಮಣಿಪಾಲ, ಮಂಗಳೂರುಗಳಿಗೆ ರೈಲಿನ ಆಸರೆಯಿದೆ.

ನಾವು ಸದ್ಯಕ್ಕೆ ಶಿರಸಿಗೇ ಮರಳಿದ್ದೇವೆ. ಸೆಕೆ ನಮ್ಮಿಬ್ಬರಿಗೂ ಆಗದು, ದೇವರ ದಯೆಯಿಂದ ಆರೋಗ್ಯ ನೆಟ್ಟಗಿದೆ. ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ಪದೇಪದೇ ದೊಡ್ಡಾಸ್ಪತ್ರೆಗೆ ಹೋಗಬೇಕಾದವರಿಗೆ ಮಾತ್ರ, ಎ.ಸಿ.ಯ ಖರ್ಚನ್ನು ಲೆಕ್ಕಿಸದೆ ಕುಮಟಾ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಮನೆ ನೋಡಿಕೊಳ್ಳಿ ಎನ್ನುತ್ತೇನೆ.