ಕಂಬದ ಮಂಚ ಕೊಳ್ಳುವ ಮುಂಚೆ ಫ್ಯಾನಿನ ಎತ್ತರ ಅಳೆಯಿರಿ

ಕಳೆದ ತಿಂಗಳು ನನ್ನ ಹೆಂಡತಿ ಮಂಚದ ಮೇಲೆ ನಿಂತು, ಕಂಬಗಳ ಮೇಲೆ ಹೊದಿಸಲು ಸೊಳ್ಳೆಪರದೆಯನ್ನು ಎತ್ತಿ ಬೀಸಿದಳು. ಫ್ಯಾನ್ ತಿರುಗುತ್ತಿತ್ತು. ರೆಕ್ಕೆ ತಾಗಿ ಎರಡು ಬೆರಳಿಗೆ ಏಟಾಯಿತು, ಒಂದಕ್ಕೆ 4 ಹೊಲಿಗೆ. ತಪ್ಪು ಅವಳದಲ್ಲ, ಆ ಮಂಚವನ್ನು ಆ ಕೋಣೆಗೆ ತಂದ ನನ್ನದು. ಹಳೇ ಕಾಲದ ಮಂಚ ಹುಡುಕುತ್ತಿರುವವರು ದಯವಿಟ್ಟು ಓದಿ.

ಅಜ್ಜಿಯ ಮನೆ ಬಸವನಗುಡಿಯಲ್ಲಿತ್ತು. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ಅದು. ಸೆಕೆ ಮೇಲೇರಿ ಗವಾಕ್ಷಿಯಿಂದ ಹೊರಗೆ ಹೋಗಲಿ ಎಂದು ಸೂರನ್ನು ಎತ್ತರಕ್ಕೆ ಕಟ್ಟುತ್ತಿದ್ದರು. ನಾಲ್ಕು ಕಂಬದ ಮಂಚ ಅಲ್ಲಿ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು! ಅದೇ ಆಸೆಗೆ 1,35,000 ರೂಪಾಯಿ ಕೊಟ್ಟೆ.

ನಮ್ಮ ಫ್ಲ್ಯಾಟಿನ ಸೂರು 9.5 ಅಡಿ. ಫ್ಯಾನಿನ ರೆಕ್ಕೆ ನೆಲದಿಂದ 8.5 ಅಡಿ. ಹಾಸಿಗೆ ಸೇರಿ ಮಂಚ 2.5 ಅಡಿ. ನಿಲ್ಲಲು ಉಳಿದದ್ದು ಬರೀ 6 ಅಡಿ. ಅಂಗಡಿಯಲ್ಲಿ ಉದ್ದ, ಅಗಲ ಎಲ್ಲ ಅಳೆದಿದ್ದೆ, ಈ ಲೆಕ್ಕವೊಂದನ್ನು ಹಾಕಿರಲಿಲ್ಲ.

ಮರದ ಕಥೆ ಇನ್ನೂ ಬೇಸರದ್ದು. "ನೂರು ವರ್ಷದ ಬೀಟೆ ಸರ್" ಎಂದಿದ್ದರು. ಎರಡೇ ತಿಂಗಳಿಗೆ ಮಂಚದ ಕಾಲಿನ ಬುಡದಲ್ಲಿ ಕಡಲೆಹಿಟ್ಟಿನಂಥ ನುಣ್ಣನೆ ಪುಡಿ, ಮೇಲೆ ಗುಂಡುಸೂಜಿ ಚುಚ್ಚಿದ ಹಾಗೆ ತೂತುಗಳು. ಕುಟ್ಟೆ ಹಿಡಿದಿತ್ತು. ಬಡಗಿಯನ್ನು ಕರೆಸಿದೆ. ಅವರು ಮಂಚ ಮಗುಚಿ, ಕಾಲಿನ ಒಳಬದಿಯನ್ನು ಉಳಿಯಿಂದ ಕೆರೆದರು. ಮೇಲಿನ ಕಪ್ಪುಗೆಂಪು ಸಿಪ್ಪೆಯಂತೆ ಎದ್ದು, ಒಳಗೆ ಬಿಳಿಚಿದ ಮರ ಕಂಡಿತು. "ಬೀಟೆಯಾಗಿದ್ದರೆ ಬಣ್ಣ ಒಳಗೂ ಇರ್ತಿತ್ತು ಸರ್. ಇದು ಕಾಡುಮರ, ಪಾಲಿಶ್ ಹೊಡೆದಿದ್ದಾರೆ" ಅಂದರು. ಅಡ್ಡಪಟ್ಟಿಗಳನ್ನೆಲ್ಲ ಸ್ಟಾರ್ ಸ್ಕ್ರೂನಿಂದ ಬಿಗಿದಿದ್ದರು. ಆ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ರಿಪೇರಿಗೆಂದು ಒಂದೆರಡು ಹಾಕಿದ್ದರೆ ಸರಿ, ಇಲ್ಲಿ ಮರಕ್ಕೆ ಮರ ಕೂರಿಸಿದ ಒಂದು ಜೋಡಣೆಯೂ ಇರಲಿಲ್ಲ.

ಅಂಗಡಿಗೆ ಹೋದರೆ, "ಬಿಲ್ಲಿನಲ್ಲಿ ಬೀಟೆ ಅಂತ ಎಲ್ಲಿದೆ ತೋರಿಸಿ" ಎಂದರು. "ಮರದ ಮಂಚ 1" ಎಂದಷ್ಟೇ ಇತ್ತು. ಯಾವ ಮರ, ಹಳೆಯದೋ ಹೊಸದೋ, ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳದೆ ಒಂದು ಪೈಸೆ ಮುಂಗಡವನ್ನೂ ಕೊಡಬೇಡಿ. ಬರೆದುಕೊಡಲು ಹಿಂದೇಟು ಹಾಕಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಗೊತ್ತಿರುವ ಬಡಗಿಯನ್ನು ಜೊತೆಗೆ ಕರೆದೊಯ್ಯಿರಿ, ಅವರ ಅರ್ಧ ದಿನದ ಕೂಲಿ ದೊಡ್ಡದಲ್ಲ.

ಪಕ್ಕದ ಬೀರುವಿಗೂ ಕುಟ್ಟೆ ಹತ್ತೀತೆಂದು ಮಂಚವನ್ನು ಬಾಲ್ಕನಿಗೆ ಹಾಕಿದ್ದೇವೆ. ಸದ್ಯಕ್ಕೆ ನೆಲದ ಮೇಲೆ ಹಾಸಿಗೆ ಹಾಸಿ ಮಲಗುತ್ತಿದ್ದೇವೆ. ಅವಳ ಬೆರಳು ಇನ್ನೂ ಪೂರ್ತಿ ಮಡಚಲು ಬರುತ್ತಿಲ್ಲ.