ಪವರ್ ಬಟನ್ ಕೆಟ್ಟ ಫೋನನ್ನು ಸುಮ್ನೆ ಫ್ಲ್ಯಾಶ್ ಮಾಡಿಸಬೇಡಿ

ನಿಮ್ಮ ಫೋನು ಲೋಗೋ ತೋರಿಸಿ ಆಫ್ ಆಗುತ್ತಿದೆಯಾ? ಮತ್ತೆ ತಾನಾಗೇ ಆನ್ ಆಗಿ, ಮತ್ತೆ ಲೋಗೋದಲ್ಲೇ ನಿಂತು ಆಫ್ ಆಗುತ್ತಿದೆಯಾ? ರಿಪೇರಿಯವರು "ಬೋರ್ಡ್ ಹೋಗಿದೆ" ಅಥವಾ "ಸಾಫ್ಟ್‌ವೇರ್ ಹಾಕಬೇಕು" ಅಂತಿದ್ದಾರಾ? ದಯವಿಟ್ಟು ಸ್ವಲ್ಪ ತಡೆಯಿರಿ. ಮೊದಲು ಪವರ್ ಬಟನ್ ನೋಡಿಸಿ. ಅದರ ಕನೆಕ್ಷನ್ ಬಿಡಿಸಿ ಪರೀಕ್ಷೆ ಮಾಡುವ ತನಕ ಫ್ಲ್ಯಾಶ್ ಮಾಡಲು, ಅಂದ್ರೆ ಫೋನಿನ ಸಾಫ್ಟ್‌ವೇರನ್ನು ಮತ್ತೆ ಹೊಸದಾಗಿ ತುಂಬಲು, ಒಪ್ಪಲೇಬೇಡಿ.

ನಮ್ಮ ಅಕ್ಕನ ಫೋನಿನಲ್ಲಿ ಮೊದಲು ಫ್ಲ್ಯಾಶ್ ಮಾಡಿ, ಆಮೇಲೆ ಬಟನ್ ನೋಡಿದರು. ಅವಳ ಮಗಳು ಮಾತು ಕಲಿಯುತ್ತಿದ್ದ ಕಾಲದ ವಿಡಿಯೋಗಳೆಲ್ಲ ಹೋದವು. ಇನ್ನು ಅವು ವಾಪಸ್ ಬರಲ್ಲ. ಫೋನಿನಲ್ಲಿ ನಿಜಕ್ಕೂ ಕೆಟ್ಟಿದ್ದು ಅಕ್ಕಿಕಾಳಿನಷ್ಟು ದೊಡ್ಡ ಸ್ವಿಚ್ಚು ಒಂದೇ.

ಶುರುವಿನಲ್ಲಿ ಯಾರಿಗೂ ಇದು ದೊಡ್ಡ ತೊಂದರೆ ಅನ್ನಿಸುವುದಿಲ್ಲ. ಅಕ್ಕ ಏನೋ ಓದುತ್ತಿರುವಾಗ ಸ್ಕ್ರೀನ್ ತಾನಾಗೇ ಆರಿಹೋಗುತ್ತಿತ್ತು. ಬ್ಯಾಗಿನಿಂದ ಫೋನ್ ತೆಗೆದರೆ ಕ್ಯಾಮೆರಾ ತೆರೆದುಕೊಂಡಿರುತ್ತಿತ್ತು. ಕೆಲವು ಸಲ ಪವರ್ ಆಫ್, ರೀಸ್ಟಾರ್ಟ್ ಅಂತ ಕೇಳುವ ಮೆನು ಮುಟ್ಟದೇ ಬಂದು ಕೂರುತ್ತಿತ್ತು. ಆಮೇಲೆ ಇನ್ನೊಂದು ಶುರುವಾಯಿತು. ಸೌಂಡ್ ಕಮ್ಮಿ ಮಾಡಲು ವಾಲ್ಯೂಮ್ ಬಟನ್ ಒತ್ತಿದರೆ ಸೌಂಡ್ ಕಮ್ಮಿಯಾಗುವ ಬದಲು ಸ್ಕ್ರೀನ್‌ಶಾಟ್ ಬೀಳುತ್ತಿತ್ತು.

ಈ ಸ್ಕ್ರೀನ್‌ಶಾಟ್ ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ನೂ ವಾಲ್ಯೂಮ್ ಕೆಳಗಿನ ಬಟನ್ನೂ ಒಟ್ಟಿಗೆ ಒತ್ತಿದರೆ ಸ್ಕ್ರೀನ್‌ಶಾಟ್ ಬರುತ್ತದೆ. ನೀವು ಒತ್ತಿದ್ದು ವಾಲ್ಯೂಮ್ ಮಾತ್ರ, ಆದರೂ ಸ್ಕ್ರೀನ್‌ಶಾಟ್ ಬಂತು ಅಂದ್ರೆ ಪವರ್ ಬಟನ್ ಕೂಡ ಒತ್ತಿದೆ ಅಂತ ಫೋನು ತಿಳಿದುಕೊಂಡಿದೆ. ಮನೆಯಲ್ಲೇ ಕೂತು ಮಾಡಬಹುದಾದ ಪರೀಕ್ಷೆಗಳಲ್ಲಿ ಇಷ್ಟು ಖಚಿತವಾದದ್ದು ನನಗೆ ಬೇರೆ ಗೊತ್ತಿಲ್ಲ. ಐಫೋನಿನಲ್ಲಿ ಫೇಸ್ ಐಡಿ ಇರುವ ಮಾಡೆಲ್ ಆದರೆ ಪಕ್ಕದ ಬಟನ್ ಜೊತೆ ವಾಲ್ಯೂಮ್ ಮೇಲಿನ ಬಟನ್, ಅಷ್ಟೇ ವ್ಯತ್ಯಾಸ.

ಈಗ ಆ ಬಟನ್ ಒಳಗೆ ಏನಿದೆ ಹೇಳುತ್ತೇನೆ. ಇದು ಗೊತ್ತಿದ್ದರೆ ಯಾರೂ ನಿಮ್ಮನ್ನು ಸುಲಭವಾಗಿ ದಾರಿ ತಪ್ಪಿಸಲಾರರು. ನಾವು ಬೆರಳಿನಿಂದ ಒತ್ತುವುದು ಹೊರಗಿನ ಮುಚ್ಚಳ ಮಾತ್ರ. ಅದರ ಹಿಂದೆ ಒಂದು ತೆಳುವಾದ ಪಟ್ಟಿ ಇರುತ್ತದೆ, ರಿಪೇರಿಯವರು ಅದಕ್ಕೆ ಆನ್-ಆಫ್ ಫ್ಲೆಕ್ಸ್ ಅಂತಾರೆ. ಆ ಪಟ್ಟಿಯ ಮೇಲೆ ಪುಟ್ಟ ಸ್ವಿಚ್ಚು. ಸ್ವಿಚ್ಚಿನ ಒಳಗೆ ಗುಮ್ಮಟದ ಹಾಗೆ ಉಬ್ಬಿರುವ ತೆಳು ಲೋಹದ ತಗಡು. ಒತ್ತಿದಾಗ ತಗಡು ತಗ್ಗಿ ಕೆಳಗಿನ ಕಾಂಟ್ಯಾಕ್ಟಿಗೆ ತಾಗುತ್ತದೆ, ಬಿಟ್ಟಾಗ ಟಿಕ್ ಅಂತ ಮೇಲೇಳುತ್ತದೆ. ಬೆವರು, ತೇವ, ಜೇಬಿನ ಧೂಳು ಒಳಗೆ ಸೇರಿದರೆ ಕಿಲುಬು ಹಿಡಿಯುತ್ತದೆ. ಫೋನು ಬಿದ್ದು ಅಂಚು ಸ್ವಲ್ಪ ಬಗ್ಗಿದ್ದರೆ ಮುಚ್ಚಳವೇ ಸ್ವಿಚ್ಚನ್ನು ಒತ್ತಿಕೊಂಡು ಕೂರುತ್ತದೆ. ಬಿಗಿಯಾದ ಕವರ್ ಕೂಡ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಬೇರೇನು ಮಾಡುವ ಮುಂಚೆಯೂ ಕವರ್ ತೆಗೆದು ನೋಡಿ. ಹಾಗೇ ಫೋನಿನ ಹಿಂಭಾಗ ಉಬ್ಬಿದೆಯಾ, ಸ್ಕ್ರೀನ್ ಅಂಚು ಬಿಟ್ಟುಕೊಂಡಿದೆಯಾ ಅಂತಲೂ ನೋಡಿ. ಉಬ್ಬಿದ್ದರೆ ಅದು ಬ್ಯಾಟರಿ ಊದಿಕೊಂಡಿರುವ ಲಕ್ಷಣ. ಆಗ ಬಟನ್ ವಿಷಯ ಬಿಡಿ. ಚಾರ್ಜ್ ಹಾಕುವುದನ್ನು ನಿಲ್ಲಿಸಿ, ಒತ್ತಿ ಸರಿ ಮಾಡಲು ಹೋಗದೆ ಮೊದಲು ಬ್ಯಾಟರಿ ತೆಗೆಸಿ.

ಸ್ವಿಚ್ಚು ಒತ್ತಿದ ಹಾಗೇ ಉಳಿದರೆ ಫೋನು ಯಾಕೆ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ? ಫೋನು ಪೂರ್ತಿ ಹ್ಯಾಂಗ್ ಆದಾಗ ಪವರ್ ಬಟನ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡುತ್ತೇವಲ್ಲ, ಆ ವ್ಯವಸ್ಥೆಯೇ ಇಲ್ಲಿ ತಿರುಗಿಬೀಳುತ್ತದೆ. ಕೆಲವು ಫೋನುಗಳಲ್ಲಿ ಸುಮಾರು 10 ಸೆಕೆಂಡ್, ಕೆಲವದರಲ್ಲಿ 30 ಸೆಕೆಂಡ್ ಬಟನ್ ಒತ್ತಿದ್ದರೆ ಪವರ್ ನೋಡಿಕೊಳ್ಳುವ ಚಿಪ್ ಯಾರನ್ನೂ ಕೇಳದೆ ಫೋನನ್ನು ರೀಸ್ಟಾರ್ಟ್ ಮಾಡುತ್ತದೆ. ಆಂಡ್ರಾಯ್ಡ್ ಸರಿ ಇದೆಯೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. ಆದ್ದರಿಂದ ಎಷ್ಟು ಸಲ ಹೊಸ ಸಾಫ್ಟ್‌ವೇರ್ ಹಾಕಿದರೂ ಸ್ವಿಚ್ಚು ಒತ್ತಿಕೊಂಡಿರುವ ತನಕ ಫೋನು ಹಾಗೇ ಕುಣಿಯುತ್ತದೆ.

ಇದು ಅಪರೂಪದ ರೋಗ ಏನಲ್ಲ. 2014ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿಯೇ ಐಫೋನ್ 5ರ ಪವರ್ ಬಟನ್ ಕೆಲಸ ನಿಲ್ಲಿಸಬಹುದು ಅಂತ ಒಪ್ಪಿಕೊಂಡು, 2013ರ ಮಾರ್ಚ್ ತನಕ ತಯಾರಾದ ಫೋನುಗಳಿಗೆ ಉಚಿತವಾಗಿ ಬಟನ್ ಬದಲಾಯಿಸಿಕೊಡುವ ಯೋಜನೆ ಮಾಡಿತ್ತು. ಗೂಗಲ್‌ನ ನೆಕ್ಸಸ್ 5 ಬಳಸಿದವರಲ್ಲೂ ಎಷ್ಟೋ ಜನ ಇದೇ ಬಟನ್ನಿನಿಂದಾಗಿ ಲೋಗೋದಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಫೋನ್ ರಿಪೇರಿ ಮಾಡುವವರಿಗೆ ಇದು ಗೊತ್ತಿರಲೇಬೇಕಾದ ವಿಷಯ. ನನಗೆ ಸಿಟ್ಟು ಬರುವುದು ಅದಕ್ಕೇ.

ಅಕ್ಕನ ಜೊತೆ ಅಂಗಡಿಗೆ ನಾನೂ ಹೋಗಿದ್ದೆ. ಅವಳು ಕ್ಯಾಮೆರಾ ತಾನಾಗೇ ತೆರೆಯುವುದು, ಸ್ಕ್ರೀನ್‌ಶಾಟ್ ಬೀಳುವುದು ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ಮನುಷ್ಯ ಬಟನ್ ಕಡೆ ತಿರುಗಿಯೂ ನೋಡಲಿಲ್ಲ. ಚಾರ್ಜರ್ ಹಾಕಿ, ಲೋಗೋ ಬಂದು ಹೋಗುವುದನ್ನು ನೋಡಿ, "ಸಾಫ್ಟ್‌ವೇರ್ ಪ್ರಾಬ್ಲಂ ಮೇಡಂ, ಸಂಜೆ ಬನ್ನಿ" ಅಂದ.

"ಒಳಗಿರೋ ಫೋಟೋ, ವಿಡಿಯೋ ಏನೂ ಆಗಲ್ಲ ಅಲ್ವಾ?"

"ಏನೂ ಆಗಲ್ಲ ಮೇಡಂ, ನಾವು ನೋಡ್ಕೊಳ್ತೀವಿ."

ಸಂಜೆ ಹೋದಾಗ ಫೋನು ಆನ್ ಆಗಿತ್ತು. ಸ್ಕ್ರೀನ್ ಮೇಲೆ ಸ್ವಾಗತ ಅಂತ ಬರೆದು, ಯಾವ ಭಾಷೆ ಬೇಕು ಅಂತ ಕೇಳುತ್ತಿತ್ತು. ಅಂಗಡಿಯಿಂದ ತಂದ ಹೊಸ ಫೋನು ಮೊದಲ ಸಲ ಕೇಳುತ್ತದಲ್ಲ, ಅದೇ ಪ್ರಶ್ನೆ. ಅಕ್ಕನಿಗೆ ಏನಾಗಿದೆ ಅಂತ ಅರ್ಥವಾಗುವಷ್ಟರಲ್ಲಿ ಫೋನು ಅವಳ ಕೈಯಲ್ಲೇ ಆಫ್ ಆಗಿ ಮತ್ತೆ ಲೋಗೋಗೆ ಬಂತು. ಆಗ ಆತ ಹೇಳಿದ್ದು: "ಹಾಗಾದ್ರೆ ಬೋರ್ಡೇ ಮೇಡಂ. ಬೋರ್ಡ್ ಚೇಂಜ್ ಮಾಡ್ಬೇಕು."

ಕ್ಲೌಡಿನಲ್ಲಿ ಇರುತ್ತದೆ ಬಿಡು ಅಂತ ನಾವು ಸಮಾಧಾನ ಮಾಡಿಕೊಂಡೆವು. ಇರಲಿಲ್ಲ. ಗೂಗಲ್ ಪುಕ್ಕಟೆಯಾಗಿ ಕೊಡುವುದು 15 ಜಿಬಿ. ಮೇಲ್, ಡ್ರೈವ್, ಫೋಟೋ ಎಲ್ಲಾ ಅದರಲ್ಲೇ ಹಿಡಿಸಬೇಕು. 2021ರ ಜೂನ್ 1ರಿಂದ ಅಪ್‌ಲೋಡ್ ಆಗುವ ಫೋಟೋ, ವಿಡಿಯೋಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ಜಾಗ ತುಂಬಿದ ಮೇಲೆ ಬ್ಯಾಕಪ್ ನಿಂತುಬಿಡುತ್ತದೆ, ಫೋನು ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ. ಅಕ್ಕನದು ಹಾಗೇ ನಿಂತಿತ್ತು. ಈ ಸಾಲು ಓದಿದ ಕೂಡಲೇ ಒಮ್ಮೆ ನಿಮ್ಮ ಫೋಟೋ ಆ್ಯಪ್ ತೆರೆದು ಬ್ಯಾಕಪ್ ನಡೆಯುತ್ತಿದೆಯಾ ನೋಡಿಬಿಡಿ.

ಆಮೇಲೆ ಅಳಿಸಿಹೋದದ್ದನ್ನು ವಾಪಸ್ ತರುತ್ತೇವೆ ಅಂತ ದುಡ್ಡು ಕೇಳುವವರು ಬರುತ್ತಾರೆ. ನಮಗೂ ಸಿಕ್ಕಿದರು. ಅವರ ಮಾತು ನಂಬಬೇಡಿ. ಈಗಿನ ಫೋನುಗಳಲ್ಲಿ ಎಲ್ಲಾ ಫೈಲುಗಳೂ ಬೀಗ ಹಾಕಿದ ಸ್ಥಿತಿಯಲ್ಲೇ ಇರುತ್ತವೆ. ಆಂಡ್ರಾಯ್ಡ್ 10 ಮತ್ತು ಅದರ ನಂತರದ ಆವೃತ್ತಿಗಳ ಜೊತೆ ಮಾರುಕಟ್ಟೆಗೆ ಬಂದ ಫೋನುಗಳಿಗಂತೂ ಇದು ಕಡ್ಡಾಯ. ಫೋನನ್ನು ಪೂರ್ತಿ ರೀಸೆಟ್ ಮಾಡಿದಾಗ ಆ ಬೀಗದ ಕೀಲಿಯೂ ಅಳಿಸಿಹೋಗುತ್ತದೆ. ಚಿಪ್ ಕಿತ್ತು ಓದಿದರೂ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ.

ಕೊನೆಗೆ ಇನ್ನೊಬ್ಬ ರಿಪೇರಿಯವರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ "ವಾಲ್ಯೂಮ್ ಒತ್ತಿದ್ರೆ ಸ್ಕ್ರೀನ್‌ಶಾಟ್ ಬರ್ತಿತ್ತಾ?" ಅಂತ. ಹಿಂಬದಿಗೆ ಬಿಸಿ ಕೊಟ್ಟು ಮೆಲ್ಲಗೆ ಬಿಚ್ಚಿದರು. ಬ್ಯಾಟರಿ ಕನೆಕ್ಷನ್ ತೆಗೆದು, ಆನ್-ಆಫ್ ಫ್ಲೆಕ್ಸ್ ಬಿಡಿಸಿದರು. ಮತ್ತೆ ಬ್ಯಾಟರಿ ಸೇರಿಸಿ, ಬಟನ್ನಿನ ಪಿನ್ನುಗಳಿಗೆ ಚಿಮಟದಿಂದ ಒಂದು ಸಲ ಮುಟ್ಟಿಸಿದರು. ಫೋನು ಆನ್ ಆಯಿತು. ಲೋಗೋ ದಾಟಿತು. ಆಫ್ ಆಗಲೇ ಇಲ್ಲ. ಕಿತ್ತ ಫ್ಲೆಕ್ಸನ್ನು ಭೂತಗನ್ನಡಿ ಕೆಳಗಿಟ್ಟು ತೋರಿಸಿದರು. ಸ್ವಿಚ್ಚಿನ ಕಾಲುಗಳ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಮೊದಲನೆಯವನು ಇಷ್ಟೇ ಮಾಡಿದ್ದರೆ ಫೋನು ಎಲ್ಲಾ ವಿಡಿಯೋಗಳ ಸಮೇತ ಎದ್ದು ನಿಲ್ಲುತ್ತಿತ್ತು. ಬಟನ್ ಕೆಟ್ಟರೆ ಒಳಗಿನ ಡೇಟಾಕ್ಕೆ ಏನೂ ಆಗುವುದಿಲ್ಲ. ಅದನ್ನು ಅಳಿಸಿದ್ದು ಫ್ಲ್ಯಾಶಿಂಗ್.

ನಿಮ್ಮ ಬಟನ್ ಈಗಷ್ಟೇ ತೊಂದರೆ ಕೊಡಲು ಶುರು ಮಾಡಿದ್ದರೆ, ಫೋನು ಇನ್ನೂ ಆನ್ ಇರುವಾಗಲೇ ಬ್ಯಾಕಪ್ ಮಾಡಿ. ಕೇಬಲ್ ಹಾಕಿ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳುವುದು ಎಲ್ಲಕ್ಕಿಂತ ನಂಬಿಕಸ್ತ ದಾರಿ. ಕಾಪಿಯಾದ ಮೇಲೆ ಒಂದೆರಡು ವಿಡಿಯೋ ಕಂಪ್ಯೂಟರಿನಲ್ಲಿ ತೆರೆದು ನೋಡಿ. ವಾಟ್ಸಾಪ್ ಚಾಟ್‌ಗಳ ಬ್ಯಾಕಪ್ ಬೇರೆಯೇ ಇರುತ್ತದೆ, ಅದನ್ನೂ ಮರೆಯಬೇಡಿ.

ಅದರ ಜೊತೆಗೇ ಎಮರ್ಜೆನ್ಸಿ ಎಸ್‌ಒಎಸ್ ಸೆಟ್ಟಿಂಗ್ ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಪವರ್ ಬಟನ್ ಬೇಗ ಬೇಗ 5 ಸಲ ಒತ್ತಿದರೆ ತುರ್ತು ಸಹಾಯಕ್ಕೆ ಕರೆ ಹೋಗುವ ಸೌಲಭ್ಯ ಇದೆ. ಐಫೋನಿನಲ್ಲೂ ಇಂಥದ್ದು ಇದೆ. ಕೆಟ್ಟ ಸ್ವಿಚ್ಚು ತಾನಾಗೇ ಪಟಪಟ ಒತ್ತಿಕೊಂಡರೆ ಜೇಬಿನೊಳಗಿಂದಲೇ ಕರೆ ಹೋಗುತ್ತದೆ. ಬಟನ್ ಚೆನ್ನಾಗಿರುವ ಫೋನುಗಳಿಂದಲೇ ಹೀಗೆ ಗೊತ್ತಿಲ್ಲದೆ ಕರೆಗಳು ಹೋಗಿ, 2023ರ ಜೂನ್‌ನಲ್ಲಿ ಬ್ರಿಟನ್ನಿನ ಪೊಲೀಸರು ಜನರಿಗೆ ಎಚ್ಚರಿಕೆ ಕೊಡಬೇಕಾಯಿತು. ಬಟನ್ ಸರಿಯಾಗುವ ತನಕ ಆಫ್ ಮಾಡಿಡಿ. ರಿಪೇರಿಯಾದ ಮೇಲೆ ಮತ್ತೆ ಆನ್ ಮಾಡಿ, ಅದು ಜೀವ ಉಳಿಸುವ ಸೌಲಭ್ಯ.

ಬಟನ್ ಒತ್ತಿದರೂ ಕೆಲಸ ಮಾಡದಿದ್ದರೆ ಕಥೆ ಬೇರೆ. ಇದರಲ್ಲಿ ಫೋನು ರೀಸ್ಟಾರ್ಟ್ ಆಗುತ್ತಾ ಕೂರುವುದಿಲ್ಲ. ಆದರೆ ಒಂದು ಸಲ ಪೂರ್ತಿ ಆಫ್ ಆದರೆ ಆನ್ ಮಾಡುವುದೇ ಕಷ್ಟ. ಐಫೋನ್ ಚಾರ್ಜರಿಗೆ ಹಾಕಿದರೆ ತಾನೇ ಆನ್ ಆಗುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಚಿತ್ರ ತೋರಿಸಿ ಸುಮ್ಮನಾಗುತ್ತವೆ. ಆದ್ದರಿಂದ ರಿಪೇರಿ ಆಗುವ ತನಕ ಚಾರ್ಜ್ ಖಾಲಿಯಾಗಲು ಬಿಡಬೇಡಿ. ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ ಮೆನು ಆನ್ ಮಾಡಿದರೆ ಸ್ಕ್ರೀನ್ ಮೇಲಿಂದಲೇ ಲಾಕ್ ಮಾಡಬಹುದು, ಪವರ್ ಮೆನು ತರಿಸಬಹುದು. ಐಫೋನಿನಲ್ಲಿ ಅಸಿಸ್ಟಿವ್ ಟಚ್ ಇದೇ ಕೆಲಸ ಮಾಡುತ್ತದೆ. ಸ್ಕ್ರೀನಿಗೆ ಎರಡು ಸಲ ತಟ್ಟಿ ಎಬ್ಬಿಸುವ ಸೆಟ್ಟಿಂಗ್ ಇದ್ದರೆ ಅದನ್ನೂ ಹಾಕಿಕೊಳ್ಳಿ. ಕೆಲವು ಕಂಪನಿಗಳ ಫೋನುಗಳಲ್ಲಿ ಇಂಥ ಹೊತ್ತಿಗೆ ತಾನಾಗೇ ಆನ್ ಆಗು ಅಂತ ಸಮಯ ಕೊಟ್ಟಿಡಬಹುದು, ಅದು ಇದ್ದರೆ ನಿಮ್ಮ ಅದೃಷ್ಟ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಬಟನ್ ಸಂದಿಗೆ ಎಣ್ಣೆ, ಡಬ್ಲ್ಯೂಡಿ-40 ಸ್ಪ್ರೇ ಹಾಕಬೇಡಿ. ಅದರ ಜಿಡ್ಡು ಒಳಗೇ ಉಳಿದು ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ಪಿನ್ನು, ಸೂಜಿ ತೂರಿಸಬೇಡಿ. ಒಳಗೆ ಬ್ಯಾಟರಿಗೆ ಚುಚ್ಚಿದರೆ ಬೆಂಕಿ ಹತ್ತಬಹುದು. ಇನ್ನೊಂದು, ಬಟನ್ ಒತ್ತಿಕೊಂಡಿರುವ ಫೋನಿನಲ್ಲಿ ರಿಕವರಿ ಮೆನುಗೆ (ಫೋನು ಮಾಮೂಲಾಗಿ ಆನ್ ಆಗದಿದ್ದಾಗ ಸರಿ ಮಾಡಲು ಇರುವ ಮೆನು) ಹೋಗಲೇಬೇಡಿ. ಬಹಳಷ್ಟು ಫೋನುಗಳಲ್ಲಿ ಆ ಮೆನುವಿನಲ್ಲಿ ವಾಲ್ಯೂಮ್ ಬಟನ್ನಿಂದ ಮೇಲೆ ಕೆಳಗೆ ಹೋಗಬೇಕು, ಪವರ್ ಬಟನ್ನಿಂದ ಆರಿಸಬೇಕು. ಡೇಟಾ ಎಲ್ಲಾ ಅಳಿಸುವ ಆಯ್ಕೆಯೂ ಅದೇ ಮೆನುವಿನಲ್ಲಿದೆ. ತಾನಾಗೇ ಒತ್ತಿಕೊಳ್ಳುವ ಬಟನ್ ಏನನ್ನು ಆರಿಸುತ್ತದೆ ಅಂತ ಯಾರು ಹೇಳಬೇಕು?

ರಿಪೇರಿಗೆ ಕೊಡುವಾಗ ಮಾತು ಸ್ಪಷ್ಟವಾಗಿರಲಿ. "ಮೊದಲು ಫ್ಲೆಕ್ಸ್ ಬಿಡಿಸಿ ಆನ್ ಮಾಡಿ ನೋಡಿ. ನನ್ನನ್ನು ಕೇಳದೆ ಫ್ಲ್ಯಾಶ್ ಮಾಡಬೇಡಿ, ರೀಸೆಟ್ ಮಾಡಬೇಡಿ." ಇದನ್ನು ರಸೀದಿ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರ ಕೈಗೆ ಫೋನ್ ಕೊಡಬೇಡಿ. ಸಾಧ್ಯವಾದರೆ ನಿಮ್ಮ ಎದುರಿಗೇ ಬಿಚ್ಚಲಿ. ಬಟನ್ನಿನಲ್ಲೇ ಫಿಂಗರ್‌ಪ್ರಿಂಟ್ ಇರುವ ಫೋನಾದರೆ, ಬದಲಾಯಿಸಿದ ಮೇಲೆ ಅದು ಕೆಲಸ ಮಾಡುತ್ತದಾ ಅಂತ ಮುಂಚೆಯೇ ಕೇಳಿ. ಎಷ್ಟೋ ಮಾಡೆಲ್‌ಗಳಲ್ಲಿ ಬೇರೆ ಬಟನ್ ಹಾಕಿದರೆ ಫಿಂಗರ್‌ಪ್ರಿಂಟ್ ನಿಂತುಹೋಗುತ್ತದೆ. ನೀರು ತಡೆಯುವ ಫೋನನ್ನು ಒಂದು ಸಲ ಬಿಚ್ಚಿದರೆ ಮೊದಲಿನಷ್ಟು ತಡೆಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಮತ್ತೆ, ನಿಮ್ಮ ಪಿನ್ ನೆನಪಿದೆಯಾ? ಫೋನು ರೀಸ್ಟಾರ್ಟ್ ಆದ ಮೇಲೆ ಮೊದಲ ಸಲ ಬೆರಳನ್ನೂ ಮುಖವನ್ನೂ ಒಪ್ಪುವುದಿಲ್ಲ, ಪಿನ್ನೋ ಪಾಸ್‌ವರ್ಡೋ ಪ್ಯಾಟರ್ನೋ ಕೊಡಲೇಬೇಕು. ದಿನಾ ಬೆರಳಲ್ಲೇ ತೆರೆಯುವವರಿಗೆ ಪಿನ್ ಮರೆತುಹೋಗಿರುತ್ತದೆ. ಫ್ಲೆಕ್ಸ್ ಬಿಡಿಸಿ ಫೋನು ಎದ್ದು ನಿಂತರೂ ಪಿನ್ ಇಲ್ಲದೆ ಒಳಗಿನ ಒಂದು ಫೋಟೋ ಕೂಡ ಸಿಗುವುದಿಲ್ಲ. ಫೋನು ಇನ್ನೂ ಬೆರಳಿಗೆ ತೆರೆಯುತ್ತಿರುವಾಗಲೇ ಪಿನ್ ಒಂದು ಸಲ ಹಾಕಿ ನೋಡಿ.