ಜ್ಯಾಕ್ಸನ್: ತೊಗರಿ ಸುಗ್ಗಿಯ ನೂಕುನುಗ್ಗಲಿನಲ್ಲಿ ಎಷ್ಟು ನಂಬಬಹುದು?

ಡಿಸೆಂಬರ್ ಬಂತೆಂದರೆ ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಆವಕ ಏರುತ್ತದೆ. ಹತ್ತಾರು ಅಡತಿ ಅಂಗಡಿಗಳ ತೂಕ, ದರ, ಹಮಾಲಿ ಲೆಕ್ಕ ಒಂದೇ ಹೊತ್ತಿಗೆ ಸರ್ವರ್ ಮೇಲೆ ಬೀಳುವಂಥ ವೆಬ್ ಸರ್ವಿಸ್ ಅನ್ನು ಜಾವಾದಲ್ಲಿ ಕಟ್ಟುವವರು, ಪ್ರೋಗ್ರಾಮಿನೊಳಗಿನ ವಸ್ತುವನ್ನು (ಆಬ್ಜೆಕ್ಟ್) ಜೇಸನ್ ಎಂಬ, ಮಾಹಿತಿ ಕಳಿಸುವ ಸರಳ ಪಠ್ಯರೂಪಕ್ಕೆ ತರಲು ಸಾಮಾನ್ಯವಾಗಿ ಜ್ಯಾಕ್ಸನ್ ಲೈಬ್ರರಿಯನ್ನೇ ಬಳಸುತ್ತಾರೆ. ಜಾವಾ ವೆಬ್ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನ ವೆಬ್ ಸ್ಟಾರ್ಟರ್ ಜೊತೆ ಅದು ತಾನಾಗಿಯೇ ಬರುತ್ತದೆ. ಅದರೊಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್ ಸಹಜವಾಗಿ 200 ಥ್ರೆಡ್‌ವರೆಗೆ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಓಡಿಸುತ್ತದೆ. ಅಷ್ಟೂ ಥ್ರೆಡ್ ಈ ಪರಿವರ್ತನೆ ಮಾಡುವ ಒಂದೇ ಆಬ್ಜೆಕ್ಟ್‌ಮ್ಯಾಪರ್ ಹಂಚಿಕೊಂಡರೂ ಜ್ಯಾಕ್ಸನ್ ತಡೆದುಕೊಳ್ಳುತ್ತದೆ. ಕೆಡುವುದು ಬಹುಪಾಲು ನಾವು ಅದರ ಕೈಗೆ ಕೊಡುವ ಸರಕಿನಲ್ಲಿ.

ಒಂದು ಷರತ್ತಿದೆ. ಸೆಟ್ಟಿಂಗ್ ಎಲ್ಲವೂ ಮೊದಲ ಓದು-ಬರಹಕ್ಕೆ ಮುಂಚೆಯೇ ಮುಗಿದಿರಬೇಕು. ಮ್ಯಾಪರ್ ತಾನು ಕಂಡುಕೊಂಡ ಸೀರಿಯಲೈಸರ್‌ಗಳನ್ನು (ಒಂದೊಂದು ಬಗೆಯ ವಸ್ತುವನ್ನು ಪಠ್ಯವಾಗಿಸುವ ಕೋಡ್) ಮರುಬಳಕೆಗೆಂದು ನೆನಪಿನಲ್ಲಿ ಇಟ್ಟುಕೊಳ್ಳುವುದರಿಂದ, ನಡುವೆ ಕಾನ್ಫಿಗರ್ ಕರೆದರೆ ಹೊಸ ಸೆಟ್ಟಿಂಗ್ ಕೆಲವೆಡೆ ಹತ್ತಬಹುದು, ಕೆಲವೆಡೆ ಹತ್ತದಿರಬಹುದು. ಒಂದು ಕೋರಿಕೆಗೆ ಮಾತ್ರ ಬೇರೆ ಸೆಟ್ಟಿಂಗ್ ಬೇಕೆಂದರೆ ಆಬ್ಜೆಕ್ಟ್‌ರೈಟರ್ ತೆಗೆದುಕೊಳ್ಳಿ. ಅದು ಬದಲಾಗದ ವಸ್ತು. ವಿತ್ ಕರೆದರೆ ಹೊಸ ರೈಟರ್ ಕೊಡುತ್ತದೆ, ಹಳೆಯದು ಹಾಗೇ ಇರುತ್ತದೆ. ಆ ಹೊಸದನ್ನು ಹಿಡಿದಿಟ್ಟುಕೊಳ್ಳದೆ ಹಳೆಯದರಲ್ಲೇ ಬರೆದು, ಸೆಟ್ಟಿಂಗ್ ಕೆಲಸ ಮಾಡುತ್ತಿಲ್ಲ ಎಂದು ಗಂಟೆಗಟ್ಟಲೆ ಹುಡುಕುವವರು ಬಹಳ. 2025ರ 3.0 ಆವೃತ್ತಿಯಲ್ಲಿ ಮ್ಯಾಪರ್ ಕಟ್ಟಿದ ಮೇಲೆ ಬದಲಿಸಲು ದಾರಿಯೇ ಇಲ್ಲ. ಹಳೆಯ ಕೋಡ್ ಒಡೆದರೂ ಇದು ಸರಿಯಾದ ನಿರ್ಧಾರ.

ಹೆಚ್ಚು ಹಾನಿ ಮಾಡುವುದು ನಾವೇ ಬರೆದ ಸೀರಿಯಲೈಸರ್. ಅದರ ಒಂದೇ ಪ್ರತಿ ಎಲ್ಲ ಥ್ರೆಡ್‌ಗೂ ಸಲ್ಲುತ್ತದೆ. ಚೀಲಗಳ ತೂಕ ಕೂಡಿಸಲು 'ಒಟ್ಟು' ಎಂಬುದನ್ನು ಕ್ಲಾಸಿನ ಫೀಲ್ಡ್ (ಆ ಪ್ರತಿಯಲ್ಲೇ ಉಳಿಯುವ ಮೌಲ್ಯ) ಮಾಡಿದರೆ, 6 ಕ್ವಿಂಟಲ್ ತಂದ ರೈತನ ಪಟ್ಟಿಗೆ (ಲೆಕ್ಕದ ಚೀಟಿ) ಪಕ್ಕದ ಅಂಗಡಿಯ 14 ಕ್ವಿಂಟಲ್ ಸೇರಿ 20 ಎಂದು ಬರಬಹುದು. ಪ್ರತಿ ಕರೆಗೂ ಹೊಸದಾಗಿ ಹುಟ್ಟುವ, ಮೆಥಡ್ ಒಳಗಿನ ಲೋಕಲ್ ವೇರಿಯಬಲ್ ಮಾಡಿದರೆ ಮುಗಿಯಿತು. ಅಲ್ಲೇ ದಿನಾಂಕ ಬರೆಯುವ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಅನ್ನು ಸ್ಟ್ಯಾಟಿಕ್ (ಎಲ್ಲರಿಗೂ ಒಂದೇ) ಆಗಿ ಇಟ್ಟರೂ ಇದೇ ಗತಿ: ಅದು ದಿನಾಂಕವನ್ನು ಮೊದಲು ತನ್ನ ಒಳಗಿನ ಕ್ಯಾಲೆಂಡರ್‌ಗೆ ಹಾಕಿ, ಆಮೇಲೆ ಓದಿ ಬರೆಯುತ್ತದೆ, ಆ ನಡುವೆ ಇನ್ನೊಂದು ಥ್ರೆಡ್ ನುಗ್ಗಿದರೆ ಒಬ್ಬರ ಪಟ್ಟಿಯಲ್ಲಿ ಇನ್ನೊಬ್ಬರ ದಿನಾಂಕ. ಜಾವಾ 8ರಿಂದ ಇರುವ ಡೇಟ್‌ಟೈಮ್‌ಫಾರ್ಮ್ಯಾಟರ್ ಹಾಕಿ. (ದಿನಾಂಕ ಯಾವಾಗಲೂ ಬೆಳಗಿನ 5.30ರ ಮುಂಚಿನ ನಮೂದಿಗೆ ಮಾತ್ರ ಒಂದು ದಿನ ಹಿಂದೆ ಬರುತ್ತಿದ್ದರೆ ಅದು ಥ್ರೆಡ್ ದೋಷವಲ್ಲ. ಜ್ಯಾಕ್ಸನ್ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯ ಹಿಡಿದಿದೆ, ಟೈಮ್‌ಝೋನ್ ಕೊಡಿ.)

ಇನ್ನು ಬರೆಯುತ್ತಿರುವ ವಸ್ತುವೇ ಬದಲಾಗುವ ಸಂದರ್ಭ. ಜ್ಯಾಕ್ಸನ್ ಯಾವ ಲಾಕೂ (ಬೇರೆ ಥ್ರೆಡ್‌ಗಳನ್ನು ಕಾಯಿಸುವ ಬೀಗ) ಹಿಡಿಯದೆ, ವಸ್ತುವಿನ ಮೌಲ್ಯಗಳನ್ನು ಕೊಡುವ ಗೆಟರ್‌ಗಳನ್ನು ಒಂದಾದ ಮೇಲೊಂದು ಕರೆಯುತ್ತದೆ. 6 ಕ್ವಿಂಟಲ್‌ಗೆ 7,200ರ ದರ 7,250 ಆಗುವ ಗಳಿಗೆಯಲ್ಲಿ ಓದಿದರೆ ದರ 7,250, ಮೊತ್ತ ಮಾತ್ರ ಹಳೆಯ 43,200. ಎರರ್ ಇಲ್ಲ, ಲಾಗ್ ಇಲ್ಲ, ಹೋಗುವುದು ರೈತನ 300 ರೂಪಾಯಿ. ಲಿಸ್ಟ್‌ಗೆ ಅದೇ ಹೊತ್ತಿಗೆ ಚೀಲ ಸೇರಿಸಿದರೆ ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ (ಓದುವಾಗಲೇ ಲಿಸ್ಟ್ ಬದಲಾಯಿತೆಂಬ ಎರರ್) ಬರಬಹುದು. ಅಷ್ಟರಲ್ಲಿ ಟಾಮ್‌ಕ್ಯಾಟ್‌ನ 8 ಕೆಬಿ ಬಫರ್ ತುಂಬಿ ಹೊರಟಿದ್ದರೆ 'ಎಲ್ಲ ಸರಿ' ಎನ್ನುವ 200 ಎಂಬ ಸ್ಟೇಟಸ್ ಆಗಲೇ ತಲುಪಿರುತ್ತದೆ, ಅಂಗಡಿಯವರಿಗೆ ಸಿಗುವುದು ಅರ್ಧ ಜೇಸನ್. ಅದನ್ನು ನೆಟ್‌ವರ್ಕ್ ತೊಂದರೆ ಎಂದು ಬಗೆದು ಕೈಬಿಡಬೇಡಿ, ಸರ್ವರ್ ಲಾಗ್ ನೋಡಿ. ಪರಿಹಾರ: ಪಟ್ಟಿಯನ್ನು ರೆಕಾರ್ಡ್ ಎಂಬ, ಕಟ್ಟಿದ ಮೇಲೆ ಫೀಲ್ಡ್ ಬದಲಾಗದ ಬಗೆಯ ಕ್ಲಾಸ್ ಮಾಡಿ (ಜಾವಾ 16, ಜ್ಯಾಕ್ಸನ್ 2.12 ಅಥವಾ ಮುಂದಿನದು), ದರ ಬದಲಾದಾಗ ಇಡೀ ಹೊಸ ರೆಕಾರ್ಡ್ ಕಟ್ಟಿ ವೊಲಟೈಲ್ ರೆಫರೆನ್ಸ್‌ಗೆ (ಬದಲಾವಣೆ ಎಲ್ಲ ಥ್ರೆಡ್‌ಗೂ ಕಾಣುವಂಥದು) ಇಡಿ. ರೆಕಾರ್ಡ್ ಒಳಗಿನ ಲಿಸ್ಟ್ ತಾನಾಗಿ ಗಟ್ಟಿಯಾಗುವುದಿಲ್ಲ. ಕನ್‌ಸ್ಟ್ರಕ್ಟರ್‌ನಲ್ಲಿ ಬದಲಾಗದ ನಕಲು ಕೊಡುವ, ಲಿಸ್ಟ್‌ನ ಕಾಪಿಆಫ್ ಬೇಕು, ಆ ನಕಲು ತೆಗೆಯುವಾಗ ಚೀಲ ಸೇರಿಸುವ ಕೋಡ್ ಹಿಡಿಯುವ ಲಾಕನ್ನೇ ಹಿಡಿಯಬೇಕು.

ಇಂಥದೇ ಬೇರೆ ಲೈಬ್ರರಿಗಳ ಜೊತೆ ಹೋಲಿಸಿದರೆ: ಜೇಸನ್‌ನದೇ ಆದ ಜಿಸಾನ್ ಕೂಡ ಹಂಚಿಕೊಳ್ಳಲು ಸುರಕ್ಷಿತ. ಎಕ್ಸ್‌ಎಂಎಲ್‌ನ ಜಾಕ್ಸ್‌ಬಿಯಲ್ಲಿ ಕಾಂಟೆಕ್ಸ್ಟ್ ಹಂಚಬಹುದು, ಬರೆಯುವ ಮಾರ್ಷಲರ್ ಪ್ರತಿ ಕೋರಿಕೆಗೂ ಹೊಸದು ಬೇಕು. ಬೈನರಿ ರೂಪದಲ್ಲಿ ಬರೆಯುವ ಕ್ರಯೋ ಥ್ರೆಡ್‌ಗೊಂದು ಇರಲೇಬೇಕು, ಇಲ್ಲವೇ ಪೂಲ್ (ಸರದಿಯಂತೆ ಎರವಲು ಪಡೆಯುವ ಗುಂಪು).

ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ ಒಂದು. ಎಲ್ಲ ಥ್ರೆಡ್‌ಗೂ ಒಂದೇ ಪಟ್ಟಿ ಕೊಟ್ಟರೆ ದಿನಾಂಕ ಅದಲುಬದಲಾದರೂ ಉತ್ತರ ಒಂದೇ ಕಾಣುತ್ತದೆ, ದೋಷ ಅಡಗುತ್ತದೆ. ತೂಕ, ದಿನಾಂಕ ಎಲ್ಲವೂ ಬೇರೆಬೇರೆ ಇರುವ 2,000 ಪಟ್ಟಿ ಮಾಡಿ. ಮೊದಲು ಒಂದೇ ಥ್ರೆಡ್‌ನಲ್ಲಿ ಬರೆದು ಫಲಿತಾಂಶ ಇಟ್ಟುಕೊಳ್ಳಿ. ಆಮೇಲೆ 16 ಥ್ರೆಡ್‌ಗಳನ್ನು ಕೌಂಟ್‌ಡೌನ್‌ಲ್ಯಾಚ್‌ನಿಂದ (ಎಲ್ಲರನ್ನೂ ತಡೆದು ಒಮ್ಮೆಗೇ ಬಿಡುವ ಜಾವಾ ಸಾಧನ) ಒಟ್ಟಿಗೆ ಬಿಟ್ಟು, ಪ್ರತಿ ಪಟ್ಟಿಯನ್ನೂ 50 ಸಲ ಬರೆಸಿ, ಅಕ್ಷರಕ್ಕೆ ಅಕ್ಷರ ಹೋಲಿಸಿ.